ಎರಡೂ ಎಡತೋಳು

ಗುಂಡಿಯ ನಾಲ್ಕು ತೂತುಗಳಲ್ಲಿ ಮೂರಕ್ಕೆ ದಾರ ಬಂದಿದೆ, ನಾಲ್ಕನೆಯದು ಸೂಜಿಗೆ ಸಿಗುತ್ತಿಲ್ಲ, ಸಿಗದಿರಲಿ, ಗುಂಡಿ ಹೊಲಿಯುವವಳಿಗೆ ಎಂಥ ಅವಸರ, ಮೂರು ವರ್ಷದಿಂದ ಇದೇ ಕಿಟಕಿ, ಇದೇ ಮೋಟು ಸ್ಟೂಲು — ಆದರೆ ಕಣ್ಣು ಮಾತ್ರ ಹೇಳಿದ ಮಾತು ಕೇಳದೆ ಒಳಕೋಣೆಯ ಕಡೆಗೇ ಓಡುತ್ತದೆ, ಅಲ್ಲಿ ಉದ್ದನೆಯ ಮೇಜಿನ ಮೇಲೆ ಬೂದು ಚೌಕಳಿ ಬಟ್ಟೆ ಹರಡಿದೆ, ಮಾಸ್ಟರ್ ಬೆಳಿಗ್ಗೆ ಬಂದವರೇ ಅದನ್ನು ಹರಡಿ, ಕತ್ತರಿಯನ್ನು ಪಕ್ಕದಲ್ಲಿಟ್ಟು, ಡಾಕ್ಟರ ಹತ್ರ ಹೋಗಿಬರ್ತೀನಿ ಅಂದರು, ನೋಡಮ್ಮ, ನನ್ನ ಹೆಬ್ಬೆರಳು ನನಗಿಂತ ಮೊದಲೇ ರಿಟೈರ್ ಆಗಿದೆ, ಈ ಕೋಟು ನೀನು ಕತ್ತರಿಸಿದ್ರೆ ಮೇಜು ನಿಂದು, ನಾನು ಬರೋ ಹೊತ್ತಿಗೆ ಬಟ್ಟೆ ಹೀಗೇ ಇದ್ರೆ ಸೋಮವಾರದಿಂದ ಹೊರಗಿನವರೊಬ್ಬರು ಬರ್ತಾರೆ, ಹೇಳಿಟ್ಟಿದ್ದೀನಿ. ಬೈದಿದ್ದರೆ ಚೆನ್ನಾಗಿತ್ತು, ಬೈದರೆ ತಲೆತಗ್ಗಿಸಿ ನಿಲ್ಲಬಹುದು, ತಲೆತಗ್ಗಿಸುವುದು ಅವಳಿಗೆ ಚೆನ್ನಾಗಿ ಬರುತ್ತದೆ, ಆದರೆ ಅವರು ಬೈಯಲಿಲ್ಲ, ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಹೊರಟೇಬಿಟ್ಟರು. ಏನೇ ಎಡಮ್ಮ, ಮೊದಲನೇ ಮೆಷಿನ್ನಿನ ಅಕ್ಕ ಕಾಲು ತುಳಿಯುತ್ತಲೇ ಕೇಳುತ್ತಾಳೆ, ಆ ಗುಂಡಿಗೆ ಸಂಸಾರ ಹೂಡಿಕೊಡ್ತಿದ್ದೀಯಾ, ಇಷ್ಟು ಹೊತ್ತು? ಹಿಂದಿನ ಮೆಷಿನ್ನಿನವರು ಕಿಸಕ್ಕನೆ ನಗುತ್ತಾರೆ, ಇವಳೂ ನಗುತ್ತಾಳೆ, ನಕ್ಕರೆ ಉತ್ತರ ಕೊಡುವ ಕೆಲಸ ತಪ್ಪುತ್ತದೆ.

ಎಡಮ್ಮ — ಆ ಹೆಸರು ಬಂದದ್ದು ಹಸಿರು ಉಣ್ಣೆ ಬಟ್ಟೆಯಿಂದ, ಅದನ್ನು ತಂದವರು ಒಬ್ಬ ಟೀಚರು, ನಮ್ಮಮ್ಮ ಎತ್ತಿಟ್ಟಿದ್ದ ಬಟ್ಟೆ ಕಣಮ್ಮ, ಅವರು ತೀರಿಹೋಗಿ ವರ್ಷವಾಯ್ತು, ಒಂದು ಕೋಟು ಆದರೆ ಸಾಕು ಅಂದಿದ್ದರು, ಬಟ್ಟೆ ಸಾಲದು ಅಂತ ಮಾಸ್ಟರ್ ಅದನ್ನು ಜೋಡಿ ಮಡಿಸದೆ ಒಂಟಿಯಾಗಿ ಹರಡಿ, ತೋಳು ನೀನೇ ಕತ್ತರಿಸು ಅಂದರು, ಅವಳು ರಟ್ಟಿನ ಅಚ್ಚು ಇಟ್ಟಳು, ಗೀಟೆಳೆದಳು, ಕತ್ತರಿಸಿದಳು, ಅಚ್ಚನ್ನು ಪಕ್ಕಕ್ಕೆ ಸರಿಸಿ ಮತ್ತೆ ಗೀಟೆಳೆದು ಕತ್ತರಿಸಿದಳು, ಸರಿಸಿದಳು ಅಷ್ಟೇ, ಮಗುಚಲಿಲ್ಲ, ಬಟ್ಟೆಗೆ ನಯದ ಮುಖ ಒಂದೇ ಕಡೆ, ಹಾಗಾಗಿ ಎರಡೂ ಎಡಗೈಯ ತೋಳುಗಳೇ ಆದವು, ಇನ್ನೊಂದು ತೋಳಿಗೆ ಬಟ್ಟೆ ಉಳಿದಿರಲಿಲ್ಲ. ಎರಡು ಎಡಗೈ ಇರೋ ಗಿರಾಕಿ ಕಂಡ್ರೆ ಕಳಿಸ್ರೇ, ನಮ್ಮ ಹುಡುಗಿ ಕೋಟು ರೆಡಿ ಮಾಡಿದ್ದಾಳೆ, ಅಂದಳು ಮೆಷಿನ್ನಿನ ಅಕ್ಕ, ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಟೀಚರು ಪರವಾಗಿಲ್ಲ ಬಿಡಿ ಅಂದು, ತುಂಡುಗಳನ್ನೆಲ್ಲ ಒಂದರ ಮೇಲೊಂದಿಟ್ಟು ಸವರಿ ಸವರಿ ಮಡಿಸಿಕೊಂಡು ಹೋದರಲ್ಲ, ಅದನ್ನು ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ, ನಾನು ಗುಂಡಿ ಹೊಲೀತೀನಿ ಮಾಸ್ಟರ್, ಅಂದಳು. ಮನೆಯಲ್ಲಿ ಒಡಹುಟ್ಟಿದ ಅಕ್ಕ ಕೇಳಿದಳು, ನೀನು ಗೀಟೆಳೆದ ಈ ಅಳತೆ ಕಾಗದಗಳು ಬೇಕೇನೇ, ಇಲ್ಲಾಂದ್ರೆ ಕಪಾಟಿಗೆ ಹಾಸ್ತೀನಿ. ಹಾಸು. ಈಗ ಆ ಕಾಗದದಲ್ಲಿ ಅವಳೇ ಎಳೆದ ಕಂಕುಳ ಸುತ್ತಿನ ಮೇಲೆ ಎಣ್ಣೆ ಡಬ್ಬಿ ಕೂತಿದೆ, ಉಂಗುರದ ಹಾಗೆ ಕಲೆ ಬಿದ್ದಿದೆ, ಆ ಡಬ್ಬಿ ಎತ್ತುವಾಗೆಲ್ಲ ಬೇರೆ ಕಡೆ ನೋಡುತ್ತಾಳೆ. ಆದರೆ ನಿಜ ಅದಲ್ಲ, ನಿಜ ಯಾರಿಗೂ ಗೊತ್ತಿಲ್ಲ — ಕತ್ತರಿ ಕೆಳಗಿಟ್ಟ ದಿನ ಅವಳಿಗೆ ಎಷ್ಟು ಹಾಯೆನಿಸಿತ್ತು, ಒಂಬತ್ತನೇ ಕ್ಲಾಸಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಸ್ಕೂಲು ಬಿಟ್ಟೆಯಲ್ಲಾ ಪಾಪ ಅಂತ ಎಲ್ಲರೂ ಮರುಗಿದರು, ಇವಳು ಮಾತ್ರ ನಾಳೆಯಿಂದ ನನ್ನನ್ನು ಯಾರೂ ಎದ್ದು ನಿಲ್ಲಿಸಿ ಪ್ರಶ್ನೆ ಕೇಳೋದಿಲ್ಲ ಅಂತ ಒಳಗೊಳಗೇ ಉಸಿರು ಬಿಟ್ಟಿದ್ದಳು, ಅದೇ ಉಸಿರು, ಅದೇ ನಿರಾಳ, ಸೋಮವಾರ ಹೊರಗಿನವರು ಬಂದರೆ ಮತ್ತೆ ಹಾಗೇ ಅನಿಸುತ್ತದೆ, ಅನಿಸಿಯೇ ಅನಿಸುತ್ತದೆ, ಆಮೇಲೆ ಯಾರೂ ಯಾವತ್ತೂ ಏನೂ ಕೇಳುವುದಿಲ್ಲ — ದಾರ ಕಿತ್ತುಬಂತು. ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಗುಂಡಿ ನೆಲಕ್ಕೆ ಬಿದ್ದು ಉರುಳುತ್ತಿದೆ, ಮೆಷಿನ್ನಿನ ಅಕ್ಕನ ಕಾಲು ನಿಂತಿದೆ, ಎಲ್ಲಿಗೇ? ಒಳಗೆ. ಅಯ್ಯೋ, ಮಾತು ಬರುತ್ತಲ್ಲೇ ನಿಂಗೆ.

ಒಳಕೋಣೆಯ ಬಾಗಿಲಿನ ಪರದೆ ಎಳೆದುಕೊಂಡಳು, ಪರದೆ ಗಿಡ್ಡ, ನೆಲದಿಂದ ಒಂದು ಗೇಣು ಮೇಲಕ್ಕೇ ನಿಲ್ಲುತ್ತದೆ, ಇರಲಿ, ಮುಖ ಕಾಣದಿದ್ದರೆ ಸಾಕು, ಚೌಕಳಿ ಬಟ್ಟೆಯಾದ್ದರಿಂದ ಇದನ್ನೂ ಒಂಟಿಯಾಗಿಯೇ ಹರಡಿದ್ದಾರೆ, ಮಡಿಸಿದರೆ ಗೆರೆಗೆ ಗೆರೆ ಕೂಡುವುದಿಲ್ಲ, ಬೆನ್ನಿನ ತುಂಡು ಕತ್ತರಿಸಿದ್ದಾಯಿತು, ಎದೆಯ ತುಂಡುಗಳೂ ಆದವು, ಕೈ ಮರೆತಿಲ್ಲ, ಆಶ್ಚರ್ಯ, ಕೈ ಏನನ್ನೂ ಮರೆತಿಲ್ಲ, ಇನ್ನು ತೋಳು, ಅಚ್ಚಿನ ಹಿಂಬದಿಗೆ ಗುರುತಿನ ಎರಡು ಕಚ್ಚು, ಮುಂಬದಿಗೆ ಒಂದು, ಸೀಮೆಸುಣ್ಣ ಬೆವರಿಗೆ ಜಾರುತ್ತಿದೆ, ಒಂದು ತೋಳು ಎಳೆದಳು, ಎರಡನೆಯದೂ ಎಳೆದಳು, ಕತ್ತರಿ ಎತ್ತಿದಳು — ಹೊರಗೆ ಮೆಷಿನ್ನುಗಳು ಒಂದೊಂದಾಗಿ ನಿಂತವು. ಪರದೆಯ ಕೆಳಗೆ ಬೂಟುಗಳು. ಮಾಸ್ಟರು ಬಂದಿದ್ದಾರೆ, ಪರದೆ ಸರಿಸುವುದಿಲ್ಲ, ಕೆಮ್ಮುವುದೂ ಇಲ್ಲ, ಕತ್ತರಿಯ ಸದ್ದಿಗೆ ಕಾಯುತ್ತಿದ್ದಾರೆ, ಕಪ್ಪು ಬೂಟುಗಳು, ಮೂತಿ ಸವೆದವು, ಒಂದರ ಬಾಗು ಈ ಕಡೆಗೆ, ಇನ್ನೊಂದರ ಬಾಗು ಆ ಕಡೆಗೆ, ಒಂದನ್ನೊಂದು ನೋಡುತ್ತಾ ನಿಂತ ಹಾಗೆ — ಅವಳು ಬಟ್ಟೆಯ ಕಡೆಗೆ ತಿರುಗಿದಳು, ಎರಡು ಕಚ್ಚು ಬಲಕ್ಕೆ, ಇನ್ನೊಂದರಲ್ಲೂ ಎರಡು ಕಚ್ಚು ಬಲಕ್ಕೇ, ಎರಡೂ ಒಂದೇ ಕಡೆ ಮುಖ ಮಾಡಿವೆ, ಮತ್ತೆ, ಮತ್ತೆ ಅದೇ, ಮಾಸ್ಟರ್ ಅಂತ ಕೂಗಿಬಿಡಬಹುದು, ಆಗಲ್ಲ ಅಂದುಬಿಡಬಹುದು, ಆ ನಿರಾಳ ಇಲ್ಲೇ, ನಾಲಗೆಯ ತುದಿಯಲ್ಲೇ ಇದೆ — ಬ್ರಷ್ಷು ತೆಗೆದುಕೊಂಡು ಎರಡನೆಯ ತೋಳನ್ನು ಉಜ್ಜಿದಳು, ಗೀಟು ಹೋಗುವವರೆಗೂ ಉಜ್ಜಿದಳು, ಅಚ್ಚನ್ನು ಎತ್ತಿ ಮಗುಚಿದಳು, ಚೌಕಳಿಗೆ ಚೌಕಳಿ ಕೂಡಿಸಿ ಮತ್ತೆ ಎಳೆದಳು, ಬೂಟುಗಳು ಅಲ್ಲೇ, ಕತ್ತರಿಯ ಕೆಳ ಅಲಗನ್ನು ಬಟ್ಟೆಯಡಿಗೆ ತೂರಿಸಿದಳು, ಮೇಜಿಗೆ ಒತ್ತಿದಳು, ಕರಕ್ ಅಂತು, ಬೂಟುಗಳು ಅಲ್ಲೇ, ಕರಕ್, ಅಲ್ಲೇ, ಬರಲಿಲ್ಲ, ಹೋಗಲಿಲ್ಲ, ಒಂದು ಎಡ, ಒಂದು ಬಲ.