ನಾಲ್ಕಡಿ ಅಗಲ

ಗೂಟ ನೆಲಕ್ಕೆ ಇಳಿಯಲಿಲ್ಲ. ನಂಜಪ್ಪ ಇನ್ನೊಂದು ಏಟು ಹಾಕಿದ. ಗೂಟದ ತಲೆ ಸೀಳಿತು.

"ಕೆಳ್ಗಡೆ ಕಲ್ಲೈತೆ ಸ್ವಾಮಿ. ಒಂದು ಗೇಣು ಆಚೆ ಹೊಡೀಲಾ?"

ರಾಮಾಂಜಿನಪ್ಪ ಕೈಯಲ್ಲಿದ್ದ ನಕ್ಷೆ ನೋಡಿದ. ನಕ್ಷೆಯಲ್ಲಿ ಕಲ್ಲು ಇರಲಿಲ್ಲ. ಗೂಟ ಆಚೆ ಹೋದರೆ ಗೆರೆ ಸೊಟ್ಟಗಾಗುತ್ತದೆ, ಗೆರೆಯನ್ನೇ ಈಚೆ ತಂದರೆ ಕದಿರಮ್ಮನ ರಾಗಿಯಲ್ಲಿ ಇನ್ನೊಂದು ಸಾಲು ಹೋಗುತ್ತದೆ.

"ಈಚೆಗೇ ಹೊಡಿ ನಂಜಪ್ಪಣ್ಣ," ಎಂದಳು ಬದುವಿನ ಮೇಲೆ ಕುಳಿತಿದ್ದ ಕದಿರಮ್ಮ. "ಸೊಟ್ಟ ಆದ್ರೆ ಸೈಕಲ್‌ನೋರು ಬೀಳಾಕಿಲ್ವಾ?"

ನಂಜಪ್ಪ ರಸ್ತೆ ಗ್ಯಾಂಗಿನ ಮೇಸ್ತ್ರಿ. ಇಪ್ಪತ್ತು ವರ್ಷ ಜಲ್ಲಿ ಹಾಸಿದವನು. ಅವನು ರಾಮಾಂಜಿನಪ್ಪನ ಮುಖ ನೋಡಿದ. ರಾಮಾಂಜಿನಪ್ಪ ತಲೆಯಾಡಿಸಿದ. ಎಳೆಯ ಪೈರಿನ ನಡುವೆ ಗೂಟ ಸಲೀಸಾಗಿ ಇಳಿಯಿತು.

ರಾಮಾಂಜಿನಪ್ಪ ಹೊಸೂರಿನ ರಸ್ತೆ ಕಚೇರಿಯಲ್ಲಿ ಓವರ್ಸಿಯರ್. ಮದರಾಸಿನಲ್ಲಿ ಎರಡು ವರ್ಷ ಓದಿ ಪರೀಕ್ಷೆ ಮುಗಿಸಿದವನು. ಅದು ಎರಡನೇ ಮಹಾಯುದ್ಧದ ಐದನೆಯ ವರ್ಷ. ಪೆಟ್ರೋಲು ಸಿಗದೆ ಬಸ್ಸುಗಳು ನಿಂತುಹೋಗಿದ್ದವು, ಉಳಿದ ಒಂದೆರಡು ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಹೊಸೂರಿಗೂ ಮತ್ತಿಗಿರಿಗೂ ನಡುವೆ ಓಡಾಡುವವರೆಲ್ಲ ಸೈಕಲ್ ಹತ್ತಿದ್ದರು. ಮಿಲಿಟರಿ ಡಿಪೋದ ಕೆಲಸದವರು, ಹಾಲಿನವರು, ಸೊಪ್ಪು ಮಾರುವವರು, ಶಾಲೆಯ ಮೇಷ್ಟ್ರು. ಅದೇ ರಸ್ತೆಯಲ್ಲಿ ಡಿಪೋದ ಲಾರಿಗಳೂ ಸಾಲುಗಟ್ಟಿ ಬರುತ್ತಿದ್ದವು. ರಸ್ತೆ ಹನ್ನೆರಡಡಿ, ಲಾರಿ ಎಂಟಡಿ. ಉಳಿದದ್ದರಲ್ಲಿ ಸೈಕಲ್ಲಿನವರು ಬದುಕಿಕೊಳ್ಳಬೇಕಿತ್ತು.

ಆಷಾಢದಲ್ಲಿ ಕದಿರಮ್ಮನ ಗಂಡ ಪಾಪಣ್ಣನಿಗೆ ಆ ಉಳಿದದ್ದು ಸಾಲಲಿಲ್ಲ.

ಲಾರಿ ಅವನನ್ನು ಮುಟ್ಟಿರಲಿಲ್ಲ. ಹಾರ್ನ್ ಕೇಳಿ ಅವನು ಅಂಚಿಗೆ ಸರಿದ, ಮಳೆಗೆ ಕೊರೆದಿದ್ದ ಅಂಚು ಕುಸಿಯಿತು, ಮೋರಿಯ ಕಲ್ಲಿಗೆ ತಲೆ ಬಡಿಯಿತು. ರಸ್ತೆಯ ಸ್ಥಿತಿ ಹೇಗಿತ್ತೆಂದು ಪೊಲೀಸರು ಓವರ್ಸಿಯರನ್ನು ಕೇಳಿದರು. 'ಅಂಚು ತೃಪ್ತಿಕರವಾಗಿದೆ' ಎಂದು ರಾಮಾಂಜಿನಪ್ಪ ಇಂಗ್ಲಿಷಿನಲ್ಲಿ ಬರೆದುಕೊಟ್ಟ. ಎಲ್ಲ ವರದಿಗಳಲ್ಲೂ ಬರೆಯುವ ಮಾತೇ ಅದು. ಬರೆದ ಮೇಲೆ ಹೋಗಿ ಅಂಚನ್ನು ನೋಡಿದ.

ಆಮೇಲೆ ಹದಿನೈದು ದಿನ ಬೆಳಿಗ್ಗೆ ರಸ್ತೆಬದಿಯ ಹುಣಸೆಮರದ ಕೆಳಗೆ ಕುಳಿತು ಸೈಕಲ್ ಎಣಿಸಿದ. ಯಾರೂ ಎಣಿಸೆಂದು ಹೇಳಿರಲಿಲ್ಲ. ಕಚೇರಿಗೆ ಬರುತ್ತಿದ್ದ ಒಂದು ಪತ್ರಿಕೆಯಲ್ಲಿ ಯಾವುದೋ ದೇಶದ ಚಿತ್ರವಿತ್ತು. ದೊಡ್ಡ ರಸ್ತೆ, ಮರಗಳ ಸಾಲು, ಮರದಾಚೆ ಸೈಕಲ್ಲಿಗೆಂದೇ ಇನ್ನೊಂದು ಸಣ್ಣ ದಾರಿ, ಅದರ ಮೇಲೆ ಟೊಪ್ಪಿಗೆ ಹಾಕಿದ ಹೆಂಗಸು. ಅವನು ಅಂಥದನ್ನೇ ಬರೆದ. ಹುಣಸೆ ಸಾಲಿನ ಪಡುವಣಕ್ಕೆ ನಾಲ್ಕಡಿ ಅಗಲದ ಮಣ್ಣಿನ ದಾರಿ, ಬೆಳಗಿನ ಹೊತ್ತು ನೆರಳು ಬೀಳುವಂತೆ. ಸಂಜೆಗೆ ಏನು ಮಾಡುವುದೆಂದು ಹೊಳೆಯಲಿಲ್ಲ. ಹಾಲಿನ ಕ್ಯಾನು ತೂಗುಹಾಕಿದ ಸೈಕಲ್ ಥಟ್ಟನೆ ತಿರುಗುವುದಿಲ್ಲವೆಂದು ತಿರುವುಗಳನ್ನು ಅಗಲ ಮಾಡಿದ. ಕೆರೆ ಏರಿಯ ಹತ್ತಿರ ಏರು ಕಡಿದಾಗಿತ್ತು. ಅಲ್ಲಿ ದಾರಿಯನ್ನು ಬಳಸಿ ಒಯ್ದ. ಸೈಕಲ್ಲಿನವನಿಗೆ ದೂರಕ್ಕಿಂತ ಏರು ಕಷ್ಟವೆಂದು ಅವನಿಗೆ ಗೊತ್ತಿತ್ತು.

ಗೊತ್ತಿದ್ದದ್ದು ನೋಡಿ, ಕೇಳಿ. ರಾಮಾಂಜಿನಪ್ಪನಿಗೆ ಸೈಕಲ್ ಬರುತ್ತಿರಲಿಲ್ಲ. ಮದರಾಸಿನಲ್ಲಿ ಒಮ್ಮೆ ಕಲಿಯಲು ಹೋಗಿ, ಜನ ನಕ್ಕದ್ದಕ್ಕೆ ಬಿಟ್ಟಿದ್ದ. ಹೊಸೂರಿನಲ್ಲಿ ಇದು ಯಾರಿಗೂ ತಿಳಿಯದಂತೆ ಎಲ್ಲೆಡೆ ನಡೆದೇ ಹೋಗುತ್ತಿದ್ದ. ಓವರ್ಸಿಯರು ಶಿಸ್ತಿನ ಮನುಷ್ಯ ಎಂದು ಜನ ಅಂದುಕೊಂಡಿದ್ದರು.

ನಕ್ಷೆ ಮೇಲಿನ ಕಚೇರಿಗೆ ಹೋಯಿತು. ಜಾಗ ಒಪ್ಪಿಸಿಕೊಂಡು ಗುರುತು ಮಾಡಿ ಎಂದು ಉತ್ತರ ಬಂತು. ಮೂರು ತುಂಡು ನೆಲದಲ್ಲಿ ಎರಡು ಸರ್ಕಾರದ ಪುರಂಬೋಕು, ಒಂದು ಕದಿರಮ್ಮನ ಹೊಲ. ಕೇಳಲು ಹೋದಾಗ ಅವಳು ಒಂದೇ ಮಾತು ಕೇಳಿದಳು.

"ಸೈಕಲ್‌ನೋರಿಗೇ ತಾನೆ? ಲಾರೀಗಲ್ವಲ್ಲ?"

"ಸೈಕಲ್‌ನೋರಿಗೇ."

ಅವಳು ಜಾಗ ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಅವನಿಗೆ ಸಂತೋಷವಾಯಿತು. ಸಂತೋಷ ಅವಳಿಗಾಗಿಯೋ ಗೆರೆ ನೇರವಾದದ್ದಕ್ಕಾಗಿಯೋ ಎಂದು ವಿಚಾರಿಸಿಕೊಳ್ಳಲು ಹೋಗಲಿಲ್ಲ.

ಗೂಟಗಳ ಕೆಲಸ ಮುಗಿಯುವಷ್ಟರಲ್ಲಿ, ಹತ್ತು ಗಂಟೆಗೆ, ಎಂಜಿನಿಯರರ ಕಾರು ಬಂತು. ಕೃಷ್ಣಗಿರಿಯಿಂದ ಬಂದಿದ್ದರು. ತಮಿಳಿನವರು, ಮೃದುವಾದ ದನಿ. ಕಾರಿನಿಂದ ಇಳಿದು ಗೂಟಗಳ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿದರು.

"ಬಹಳ ನೇರ," ಎಂದರು ಇಂಗ್ಲಿಷಿನಲ್ಲಿ. "ನಿಮ್ಮ ಕೈ ಚೆನ್ನಾಗಿದೆ."

"ತಮ್ಮ ಆಶೀರ್ವಾದ ಸಾರ್."

"ನಿಮ್ಮ ಎಣಿಕೆಯೂ ಬಹಳ ಉಪಯೋಗಕ್ಕೆ ಬಂತು. ಡಿಪೋದವರು ಒಂದು ವರ್ಷದಿಂದ ಹೇಳುತ್ತಲೇ ಇದ್ದರು, ರಸ್ತೆಯಲ್ಲಿ ಅಡ್ಡಿ ಜಾಸ್ತಿ ಅಂತ. ನಮ್ಮ ಕೈಯಲ್ಲಿ ಅಂಕಿ ಇರಲಿಲ್ಲ. ಬೆಳಿಗ್ಗೆ ಮುನ್ನೂರ ಹನ್ನೆರಡು ಸೈಕಲ್. ಒಂದು ಲಾರಿ ಹೇಗೆ ಹೋಗಬೇಕು ಹೇಳಿ?"

ರಾಮಾಂಜಿನಪ್ಪ ಮತ್ತೆ ನಕ್ಷೆ ನೋಡಿದ. ಏನೋ ತಪ್ಪಿ ಹೋಗಿದೆ ಎಂದು ತಿಳಿಯಿತು, ಎಲ್ಲಿ ಎಂದು ತಿಳಿಯಲಿಲ್ಲ. ಮುನ್ನೂರ ಹನ್ನೆರಡು ಜನಕ್ಕೆ ದಾರಿ ಬೇಕು ಎಂದು ಅವನು ಬರೆದಿದ್ದ. ಅದೇ ಅಂಕಿ.

ಎಂಜಿನಿಯರರು ಕೋಲಿನಿಂದ ಹೊಲದ ಕಡೆ, ಆಮೇಲೆ ಮರಗಳ ಕಡೆ ತೋರಿಸಿದರು. ಈ ನಾಲ್ಕಡಿ ರಸ್ತೆಗೆ ಸೇರುತ್ತದೆ. ಹುಣಸೆಮರಗಳನ್ನು ಮುಂದಿನ ವಾರ ಕಡಿಯುತ್ತಾರೆ. ಲಾರಿಗಳು ಎದುರುಬದುರು ಹೋಗಬಹುದು. ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಏಳು, ಸೈಕಲ್ ಬರಕೂಡದು. ಇವತ್ತಿನಿಂದಲೇ.

"ಅವರು ಎಲ್ಲಿ ಹೋಗಬೇಕು ಸಾರ್?"

"ಯಾರು?"

"ಸೈಕಲ್ಲಿನವರು."

ಎಂಜಿನಿಯರರು ಕನಿಕರದಿಂದ ನೋಡಿದರು. "ಯುದ್ಧ ಮುಗಿಯಲಿ. ನಿಮ್ಮ ನಕ್ಷೆ ಫೈಲಿನಲ್ಲಿ ಇರುತ್ತದೆ."

ಡ್ರೈವರು ಕಾರಿನ ಹಿಂದಿನಿಂದ ಒಂದು ಹಲಗೆ ಇಳಿಸಿದ. ಇಂಗ್ಲಿಷು, ತಮಿಳು, ತೆಲುಗು, ಕೆಳಗೆ ಕನ್ನಡ. ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ರಾಮಾಂಜಿನಪ್ಪ ಹಲಗೆಯನ್ನು ಓದಿದ. ಈಗ ಹೇಳಬೇಕು, ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ. ಆ ಹೆಂಗಸು ಕೊಟ್ಟದ್ದು ಇದಕ್ಕಲ್ಲ.

"ಸಾರ್, ಇದರಲ್ಲಿ ತಪ್ಪಿದೆ."

"ಏನು?"

"ಕನ್ನಡದಲ್ಲಿ... 'ನಿಷೇದ' ಅಂತ ಬರೆದಿದ್ದಾರೆ. ಮಹಾಪ್ರಾಣ ಬರಬೇಕು. ಧ."

"ಓ." ಎಂಜಿನಿಯರರು ನಕ್ಕರು. "ನೀವೇ ಸರಿಮಾಡಿಬಿಡಿ. ಸಂಜೆಯೊಳಗೆ ನೆಡಿಸಿ."

ಕಾರು ಹೋಯಿತು. ಧೂಳು ಇಳಿದ ಮೇಲೆ ನಂಜಪ್ಪ ಹುಣಸೆಮರಗಳನ್ನು ನೋಡಿದ. ಇಂಗ್ಲಿಷು ಅವನಿಗೆ ತಿಳಿಯದು. ಕೋಲು ತಿಳಿದಿತ್ತು.

"ಮರ ಕಡೀತಾರಾ ಸ್ವಾಮಿ?"

"ಗೊತ್ತಿಲ್ಲ."

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ವರಲಕ್ಷ್ಮಮ್ಮ ಮುದ್ದೆ ಬಡಿಸಿದಳು. ಗಂಡ ನಡುಬೆರಳಿನಿಂದ ಮುದ್ದೆಗೆ ಗುಳಿ ಮಾಡಿ, ಸಾರು ಹಾಕಿಸಿಕೊಳ್ಳದೆ ಕುಳಿತಿದ್ದ.

"ಸಾಹೇಬ್ರು ಬಂದಿದ್ರಾ?"

"ಬಂದಿದ್ರು."

"ಒಪ್ಪಿದ್ರಾ?"

"ಗೆರೆ ನೇರ ಇದೆ ಅಂದ್ರು."

"ಹಿಂದಿನ ಬೀದಿ ವೆಂಕಟೇಶಪ್ಪ ಮೇಷ್ಟ್ರ ಹೆಂಡ್ತಿ ಬಂದಿದ್ರು. ಯಾವತ್ತು ಬಿಡ್ತೀರ ದಾರೀನ ಅಂತ ಕೇಳಿದ್ರು. ಅವರು ಸೈಕಲ್ಲಲ್ಲಿ ವಾಪಸ್ ಬರೋಗಂಟ ಇವರಿಗೆ ಗಂಟಲಲ್ಲಿ ಅನ್ನ ಇಳಿಯಾಕಿಲ್ವಂತೆ."

"ನೀನೇನಂದೆ?"

"ನಮ್ಮನೆಯವರೇ ಮಾಡುಸ್ತಾವ್ರೆ, ಇನ್ನೇನು ಆಯ್ತದೆ ಅಂದೆ." ಅವಳು ಸಾರಿನ ಸೌಟು ಹಿಡಿದು ನಿಂತಳು. "ತಪ್ಪಾ?"

"ಸಾರು ಹಾಕು."

ಅವಳು ಹಾಕಿದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ಮದುವೆಯಾದ ಆರು ವರ್ಷದಲ್ಲಿ ಆ ಮುಖವನ್ನು ಅವನು ಹೆಚ್ಚು ಸಲ ಕಂಡಿರಲಿಲ್ಲ. ಕೈ ತೊಳೆದು ಹೊರಗೆ ಜಗಲಿಯ ಮೇಲೆ ಹಲಗೆ ಮಲಗಿಸಿ, ಸಣ್ಣ ಕುಂಚ ತೆಗೆದುಕೊಂಡು 'ದ'ದ ಹೊಟ್ಟೆ ಸೀಳಿದ. ಅಕ್ಷರ ಚೆನ್ನಾಗಿ ಬಂತು. ಸ್ವಲ್ಪ ದೂರ ನಿಂತು ನೋಡಿದ. ಉಳಿದ ಅಕ್ಷರಗಳಿಗಿಂತ ಅದೇ ಚೆನ್ನಾಗಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಿ, ಬಣ್ಣ ಒಣಗುವ ಮೊದಲೇ ಹಲಗೆಯನ್ನು ನಂಜಪ್ಪನ ತಲೆಗೆ ಹೊರಿಸಿದ.

ದಾರಿಯಲ್ಲಿ ಯೋಚಿಸಿದ. ಕೆಲಸ ಬಿಡಬಹುದು. ಬಿಟ್ಟರೆ ಇನ್ನೊಬ್ಬ ಓವರ್ಸಿಯರು ಬರುತ್ತಾನೆ, ಹಲಗೆ ನೆಡಿಸುತ್ತಾನೆ. ಮೇಲಿನವರಿಗೆ ಅರ್ಜಿ ಬರೆಯಬಹುದು. ಅರ್ಜಿಯ ಒಕ್ಕಣೆ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಮನಸ್ಸಿಗೆ ಬಂತು, ಬಹಳ ಸೊಗಸಾಗಿ, ಕೊನೆಯಲ್ಲಿ 'ತಮ್ಮ ಅತ್ಯಂತ ವಿಧೇಯ ಸೇವಕ' ಎನ್ನುವವರೆಗೆ. ಅಲ್ಲಿಗೆ ನಿಂತುಹೋಯಿತು.

ಕದಿರಮ್ಮ ಕಳೆ ಕೀಳುತ್ತಿದ್ದಳು. ನಂಜಪ್ಪ ಗುಂಡಿ ತೋಡುವುದನ್ನು ಕಂಡು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಹಲಗೆಯ ನಾಲ್ಕು ಬಗೆಯ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಏನಂತ ಬರ್ದೈತೆ ಸ್ವಾಮಿ?"

ನಂಜಪ್ಪ ಹಾರೆ ನಿಲ್ಲಿಸಿದ.

"ಸೈಕಲ್ಲಿನ ವಿಷಯ," ಎಂದ ರಾಮಾಂಜಿನಪ್ಪ.

"ಲಾರಿಯೋರೂ ಓದ್ಬೇಕು ತಾನೆ?"

"ಅವರೂ ಓದ್ತಾರೆ."

"ಅಷ್ಟಾದ್ರೆ ಸಾಕು ಬುಡಿ." ಅವಳು ಹಲಗೆಯ ಮೇಲೆ ಕೂತಿದ್ದ ಹುಲ್ಲೆಸಳನ್ನು ಉಗುರಿನಿಂದ ತೆಗೆದಳು. "ನಮ್ಮೋರು ಸಾಯೋ ಮುಂಚೆ ಅಂತಿದ್ರು. ಈ ರಸ್ತೇಲಿ ನಾವು ಹೋಗೋದು ಯಾರ್ ಕಣ್ಣಿಗೂ ಬೀಳಾಕಿಲ್ಲ ಕಣೆ, ಅಂತ. ಈಗ ಬಿತ್ತಲ್ಲ."

ರಾಮಾಂಜಿನಪ್ಪ ಅವಳ ಹೆಬ್ಬೆಟ್ಟನ್ನು ನೋಡಿದ. ಮಣ್ಣು ಮೆತ್ತಿತ್ತು.

"ಕದಿರಮ್ಮ, ಆ ಕಾಗದ... ನೀನು ಬೇಕಾದ್ರೆ ಹಿಂದಕ್ಕೆ ಕೇಳಬಹುದು. ಇನ್ನೂ ಕೇಳಬಹುದು."

"ಯಾಕ್ ಸ್ವಾಮಿ?"

"ಸುಮ್ಮನೆ ಹೇಳಿದೆ."

"ಕೊಟ್ಟಿದ್ದು ಕೊಟ್ಟಾಯ್ತು," ಎಂದಳು ಅವಳು. ಸ್ವಲ್ಪ ಬೇಸರವಾದಂತಿತ್ತು. "ನಾನೇನು ಮಾತಿಗೆ ತಪ್ಪೋಳಾ?"

ಅವಳು ಮತ್ತೆ ಕಳೆಗೆ ಹೋದಳು. ನಂಜಪ್ಪ ಹಲಗೆಯ ಕಾಲನ್ನು ಗುಂಡಿಗಿಳಿಸಿ, ಕಲ್ಲು ತುಂಬಿ, ಕಾಲಿನಿಂದ ತುಳಿದು ಗಟ್ಟಿಮಾಡಿದ. ಆಮೇಲೆ ತಲೆಯೆತ್ತದೆ ಕೇಳಿದ.

"ನನಗೂ ಹೇಳಾಕಿಲ್ವಾ ಸ್ವಾಮಿ?"

ರಾಮಾಂಜಿನಪ್ಪ ಹೇಳಿದ. ನಂಜಪ್ಪ ಎಲ್ಲ ಕೇಳಿ, ಹಾರೆಯ ಮಣ್ಣು ಕೊಡವಿ ಹೆಗಲಿಗಿಟ್ಟುಕೊಂಡ. "ಆಯ್ತು, ನಾ ಬತ್ತೀನಿ," ಎಂದು ಊರಿನ ಕಡೆ ನಡೆದ. ಸಂಜೆಯವರೆಗೆ ಕೆಲಸವಿತ್ತು. ರಾಮಾಂಜಿನಪ್ಪ ಅವನನ್ನು ಕರೆಯಲಿಲ್ಲ.

ನಾಲ್ಕು ಗಂಟೆಗೆ ಒಬ್ಬ ಕಾನ್‌ಸ್ಟೇಬಲ್ ಬಂದು ಹಲಗೆಯ ಪಕ್ಕ ನಿಂತ. ಐದಕ್ಕೆ ಡಿಪೋದ ಸೈರನ್ ಆಯಿತು. ರಾಮಾಂಜಿನಪ್ಪ ಮನೆಗೆ ಹೋಗಬಹುದಿತ್ತು. ಹೋಗದೆ, ಕಾನ್‌ಸ್ಟೇಬಲ್ಲಿನ ಬೆನ್ನ ಹಿಂದೆ ಸ್ವಲ್ಪ ದೂರದಲ್ಲಿ, ಕದಿರಮ್ಮನ ಹೊಲದ ಬದುವಿನ ಮೇಲೆ ಹತ್ತಿ ನಿಂತ.

ಸೈಕಲ್ಲುಗಳು ಬಂದವು. ಮೊದಲು ಬಂದವನು ಬೆಲ್ ಹೊಡೆಯುತ್ತಲೇ ಬಂದ. ಕಾನ್‌ಸ್ಟೇಬಲ್ ಲಾಠಿ ಅಡ್ಡ ಹಿಡಿದ. ಇಳಿದವನ ಹಿಂದೆ ಇನ್ನೊಬ್ಬ ಇಳಿದ, ಅವನ ಹಿಂದೆ ಹತ್ತು ಜನ. ಸ್ವಲ್ಪ ಹೊತ್ತಿಗೆ ನೂರು ಜನ. ಮೂರು ಭಾಷೆಯಲ್ಲಿ ಮಾತು ಕೇಳಿಸಿತು, ಗಲಾಟೆಯೇನೂ ಇರಲಿಲ್ಲ. ಒಬ್ಬ ಹಲಗೆಯನ್ನು ಜೋರಾಗಿ ಓದಿ ಹೇಳಿದ. ಲಾರಿಗಳ ಸಾಲು ಬಂತು. ಎಲ್ಲರೂ ಹಿಂದೆ ಸರಿದು ಜಾಗ ಬಿಟ್ಟರು.

ಆಮೇಲೆ ಅವರು ಹೊಲದ ಕಡೆ ತಿರುಗಿದರು. ಬದುವಿನ ಮೇಲೆಲ್ಲ ನೆಗ್ಗಿಲು ಮುಳ್ಳು. ಟೈರಿಗೆ ಪರ್ಮಿಟ್ ಬೇಕಾಗಿದ್ದ ಕಾಲ, ಹರಿದರೆ ಇನ್ನೊಂದಿಲ್ಲ. ಮುಂದಿದ್ದವನು ಒಂದು ಗಳಿಗೆ ಯೋಚಿಸಿ, ಬಗ್ಗಿ, ಸೈಕಲ್ಲನ್ನು ಎತ್ತಿ ಹೆಗಲ ಮೇಲೆ ಹೊತ್ತುಕೊಂಡ. ಅದನ್ನು ನೋಡಿ ಹಿಂದಿನವನೂ ಹೊತ್ತುಕೊಂಡ. ಒಬ್ಬರ ಹಿಂದೆ ಒಬ್ಬರು ಬದು ಹತ್ತಿದರು. ನಡುವೆಲ್ಲೋ ವೆಂಕಟೇಶಪ್ಪ ಮೇಷ್ಟ್ರು, ಕಚ್ಚೆಪಂಚೆ ಎತ್ತಿ ಕಟ್ಟಿ, ಕನ್ನಡಕ ಜಾರದಂತೆ ತಲೆ ವಾಲಿಸಿಕೊಂಡಿದ್ದರು.

ಹೊಲದ ನಡುವೆ ಕದಿರಮ್ಮ ಸೊಂಟ ನೇರಮಾಡಿ ಎದ್ದು ನಿಂತಳು. ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾಕ್ ಸ್ವಾಮಿ, ಅವರೆಲ್ಲ ಹೊತ್ಕೊಂಡು ಬತ್ತಾವ್ರೆ?"

ರಾಮಾಂಜಿನಪ್ಪ ಬಾಯಿ ತೆರೆದ. ಮೊದಲನೆಯವನು ಅಷ್ಟರಲ್ಲಿ ಎದುರಿಗೇ ಬಂದು ನಿಂತಿದ್ದ. ಬದು ಒಬ್ಬನ ಪಾದದಷ್ಟೇ ಅಗಲ. ಒಂದು ಕಡೆ ಎಳೆಯ ರಾಗಿ, ಒಂದು ಕಡೆ ರಸ್ತೆ, ರಸ್ತೆಯ ತುಂಬ ಲಾರಿ.

"ಒಸಿ ದಾರಿ ಬುಡಿ ಸ್ವಾಮಿ," ಎಂದ ಆ ಮನುಷ್ಯ, ಏದುಸಿರಿನಲ್ಲಿ.

ಯಾವ ಕಡೆ ಇಳಿಯಬೇಕೆಂದು ರಾಮಾಂಜಿನಪ್ಪನಿಗೆ ತಿಳಿಯಲಿಲ್ಲ. ಅವನು ನಿಂತೇ ಇದ್ದ. ಎದುರಿನವನ ಹಿಂದೆ ಇನ್ನೊಬ್ಬ ಬಂದು ನಿಂತ, ಅವನ ಹಿಂದೆ ಮತ್ತೊಬ್ಬ. ಇಳಿಬಿಸಿಲಿನಲ್ಲಿ ಅವರ ತಲೆಗಳ ಮೇಲೆ, ಆಕಾಶಕ್ಕೆ ಅಂಟಿಕೊಂಡಂತೆ, ನೂರಾರು ಚಕ್ರಗಳು ಎಲ್ಲಿಗೂ ಹೋಗದೆ ಮೆಲ್ಲಗೆ ತಿರುಗುತ್ತಿದ್ದವು.