ಎಲೆಯೊಳಗಿನ ಬೂಷ್ಟಿಗೆ ಹೊಡೆದ ಮದ್ದು

ನಮ್ಮ ಎಸ್ಮೆರಾಲ್ದಾಸ್ ಕರಾವಳಿಯ ಅಳಿವೆಯಲ್ಲಿ ಒಂದು ವರ್ಷ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಎಲೆ ತುಂಬ ಕಂದು ಚುಕ್ಕೆ ಎದ್ದವು. ಆ ಮರಗಳ ಬುಡದ ಕೆಸರಲ್ಲಿ ಕರಿಚಿಪ್ಪಿ ಆರಿಸಿ ಮಾರಿ ಬದುಕುವ ಎಡೆಲ್ಮಿರಾ ಒಂದು ಎಲೆ ಕಿತ್ತು ಮನೆಗೆ ತಂದು ತೋರಿಸಿದಳು. ಇದು ಬೂಷ್ಟಿನ ಕಾಟ ಎಂದು ಗಂಡ ನಿಕಾನೋರ್ ಬಾಳೆತೋಟದಿಂದ ಬೂಷ್ಟು ಕೊಲ್ಲುವ ಮದ್ದು ತಂದ.

ಎಡೆಲ್ಮಿರಾಳ ತಂಗಿ ಫ್ಲೋರಿಪೆಸ್ ಕಾಂಡ್ಲಾ ಕಾಯುವ ತರಬೇತಿ ಮುಗಿಸಿ ಬಂದಿದ್ದಳು. ಅವಳು ಅಡ್ಡ ನಿಂತಳು.

"ಹೊಡೀಬೇಡಿ ಭಾವ. ಒಳ್ಳೇ ಎಲೆ ಒಳಗೂ ಬೂಷ್ಟು ಇರುತ್ತೆ. ಕಣ್ಣಿಗೆ ಕಾಣಲ್ಲ ಅಷ್ಟೆ."

"ಬೂಷ್ಟು ಹಿಡಿದ ಬಾಳೆಹಣ್ಣು ನೀನು ತಿಂತೀಯೇನಮ್ಮ?" ನಿಕಾನೋರ್ ನಕ್ಕ.

"ನಾನು ತಿನ್ನಲ್ಲ, ಏಡಿ ತಿನ್ನುತ್ತೆ! ಉದುರಿದ ಎಲೇನ ಮೆತ್ತಗೆ ಮಾಡೋದೇ ಆ ಬೂಷ್ಟು. ಏಡಿ ತಿಂದು ಉಳಿದಿದ್ದು ಕೆಸರಿಗೆ ಸಾರ. ನಮ್ಮ ಚಿಪ್ಪಿ ಬೆಳೆಯೋದೂ ಅಲ್ಲೇ."

"ಹಾಗಾದ್ರೆ ಈ ಚುಕ್ಕೆ ಯಾಕೆ ಬಂತೇ?" ಎಡೆಲ್ಮಿರಾ ಕೇಳಿದಳು.

"ಮರ ಸೊರಗಿದೆ ಅಕ್ಕ. ಸಿಗಡಿ ಸಾಕೋ ಹೊಂಡದವರು ಒಡ್ಡು ಹಾಕಿ ಕಾಲುವೆ ಮುಚ್ಚಿದ್ರಲ್ಲ, ಉಬ್ಬರದ ನೀರು ಒಳಗೆ ಬರ್ತಿಲ್ಲ. ಕೆಸರಲ್ಲಿ ಉಪ್ಪು ಕಟ್ಟಿದೆ. ಮರಕ್ಕೆ ತ್ರಾಣ ಇಲ್ಲದಾಗ, ಸುಮ್ನೆ ಇದ್ದ ಬೂಷ್ಟೂ ತಿರುಗಿ ಬೀಳುತ್ತೆ. ಊರೆಲ್ಲ ಸೇರಿ ಒಡ್ಡು ತೆಗೆಸೋಣ."

"ಆ ದೊಡ್ಡವರ ಜತೆ ಯಾರು ಜಗಳ ಆಡ್ತಾರೆ? ಇದಾದ್ರೆ ಸುಲಭ." ನಿಕಾನೋರ್ ಮದ್ದಿನ ಡಬ್ಬಿ ಎತ್ತಿಕೊಂಡ.

ಊರಿಗೂ ಸುಲಭದ ದಾರಿಯೇ ಬೇಕಿತ್ತು. ಎಲ್ಲರೂ ಮದ್ದು ಹೊಡೆದರು. ಚುಕ್ಕೆ ಹೋಗಲಿಲ್ಲ. ಉದುರಿದ ಎಲೆ ಕೊಳೆಯದೆ ಚರ್ಮದಂತೆ ಬಿದ್ದಿತ್ತು. ಏಡಿಗಳು ಹೊಟ್ಟೆ ಮೇಲಾಗಿ ತೇಲಿದವು. ಆಮೇಲೆ ಊರಿಗೆ ಭಯವಾಯಿತು. ಗುದ್ದಲಿ ಹಿಡಿದು ಹೋಗಿ ಒಡ್ಡು ಒಡೆದರು. ನೀರೇನೋ ನುಗ್ಗಿ ಬಂತು. ಮರಗಳು ಮಾತ್ರ ಚಿಗುರಲಿಲ್ಲ.

ಎಡೆಲ್ಮಿರಾ ಮೊಣಕೈವರೆಗೆ ಕೆಸರಿಗೆ ಕೈ ಹಾಕಿದಳು. ಬಂದದ್ದೆಲ್ಲ ಬಾಯಿಬಿಟ್ಟ ಖಾಲಿ ಚಿಪ್ಪು.

ನಿಕಾನೋರ್ ಒಂದು ಕೊಂಬೆ ಬಗ್ಗಿಸಿದ. ಅದು ಲಟಕ್ಕನೆ ಮುರಿಯಿತು.

"ನೀನು ಹೇಳಿದ್ದೇ ನಿಜ ಕಣಮ್ಮ. ಈಗ ಏನು ಮಾಡೋಣ?"

ಫ್ಲೋರಿಪೆಸ್ ಮುರಿದ ಕೊಂಬೆ ಎತ್ತಿಕೊಂಡಳು. "ಸಸಿ ನೆಡಬಹುದು ಭಾವ. ಅದು ಮರ ಆಗೋವರೆಗೆ ಹೊಟ್ಟೆಗೇನು ಅಂತ ನಂಗೂ ಗೊತ್ತಿಲ್ಲ."

ಈಗ ಆ ಮನೆಯವರು ಸಸಿ ನೆಡುತ್ತಿದ್ದಾರೆ. ಅಕ್ಕಪಕ್ಕದ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ.

ಅಳಿವೆಯ ದಡದಲ್ಲಿರುವ ಅಕ್ಕಂದಿರೇ, ಅಣ್ಣಂದಿರೇ, ಕಾಂಡ್ಲಾ ಎಲೆಯಲ್ಲಿ ಚುಕ್ಕೆ ಕಂಡರೆ ಮದ್ದಿನ ಡಬ್ಬಿಗೆ ಕೈ ಹಾಕಬೇಡಿ. ನೀರು ಎಲ್ಲಿ ತಡೆದಿದೆ, ಮೊದಲು ನೋಡಿ. ತಡೆದವರನ್ನು ಒಟ್ಟಾಗಿ ಹೋಗಿ ಕೇಳಿ. ಮರಗಳು ಇನ್ನೂ ಹಸಿರಾಗಿರುವಾಗಲೇ ಹೋಗಿ. ನಾವು ಹೋದದ್ದು ಅವು ಒಣಗಿದ ಮೇಲೆ.