ಹೊಲಿಗೆಯಿಲ್ಲದ ತೇಪೆ

ಟೈಲರ್‌ನ ಹೃದಯದಲ್ಲಿದ್ದ ತೂತು ಚಿಕ್ಕದೇ, ಅದರ ದರ್ಬಾರು ಮಾತ್ರ ದೊಡ್ಡದು. ಮದುವೆಯಾದ ಹೊಸದರಲ್ಲೇ ಅತ್ತೆ ಸೊಸೆಯ ಕಿವಿಯಲ್ಲಿ ಊದಿದ್ದರು: "ಅವನಿಗೆ ಹುಟ್ಟಿದಾಗಿಂದ ಎದೇಲಿ ತೂತಿದೆ ಕಣಮ್ಮ, ಎದುರು ಮಾತಾಡ್ಬೇಡ." ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡು, ಅಂಗಡಿಯ ಹಿಂದಿನ ಮೂಲೆಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುತ್ತ ಕೂತಳು. ಅವಳ ಆಸೆ ಒಂದೇ: ಕತ್ತರಿ ಹಿಡಿದು ತಾನೇ ಬಟ್ಟೆ ಕತ್ತರಿಸಬೇಕು. ಆ ಮಾತೆತ್ತಿದಾಗಲೆಲ್ಲ ಗಂಡನ ಕೈ ಎದೆಗೆ ಹೋಗುತ್ತಿತ್ತು. ಕುಂಟನಿಗೆ ಎಂಟು ಚೇಷ್ಟೆ ಅನ್ನುತ್ತಾರೆ, ಇವನಿಗೆ ಒಂದೇ ಸಾಕಾಗಿತ್ತು.

ಈ ವರ್ಷ ಮೆಟ್ಟಿಲು ಹತ್ತುವಾಗ ಅವನಿಗೆ ನಿಜಕ್ಕೂ ಏದುಸಿರು ಬಂತು. ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿದರು.

"ಮುಚ್ಚಿಬಿಡೋಣ. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಹೃದಯದವರೆಗೂ ಹೋಗುತ್ತೆ. ಅದರೊಳಗೆ ಮಡಚಿಟ್ಟಿರೋ ತಂತಿಬಲೆಯ ಎರಡು ಬಿಲ್ಲೆ ತೂತಿರೋ ಗೋಡೆಯ ಆಚೆಗೊಂದು ಈಚೆಗೊಂದು ಅರಳಿ ತೂತನ್ನ ಮುಚ್ಚಿಬಿಡುತ್ತೆ."

"ಹೊಲಿಗೆ ಎಷ್ಟು?" ಟೈಲರ್ ಕೇಳಿದ.

"ಹೃದಯಕ್ಕೆ ಒಂದೂ ಇಲ್ಲ."

"ಹೊಲಿಗೆ ಇಲ್ದೆ ತೇಪೆ ನಿಲ್ಲುತ್ತಾ ಮೇಡಂ?" ಅವನಿಗೆ ಪ್ರಾಣಭಯಕ್ಕಿಂತ ಕಸುಬಿಗಾದ ಅವಮಾನವೇ ಹೆಚ್ಚಾಗಿತ್ತು.

"ನಿಲ್ಲುತ್ತೆ. ಅದರ ಮೇಲೆ ನಿಮ್ಮ ಮೈಯೇ ಪದರ ಬೆಳೆಸಿಕೊಳ್ಳುತ್ತೆ."

ಹೆಂಡತಿ ಮೆಲ್ಲಗೆ ಕೇಳಿದಳು, "ಮುಚ್ಚಿದ ಮೇಲೆ ಇವರಿಗೆ ಎದುರು ಮಾತಾಡಬಹುದಾ?"

"ಮುಂಚೆಯೂ ಆಡಬಹುದಿತ್ತು. ಮಾತಿಗೂ ಈ ತೂತಿಗೂ ಏನಮ್ಮ ಸಂಬಂಧ?"

ಅವಳ ಮೈ ಉರಿದುಹೋಯಿತು. ಇಷ್ಟು ವರ್ಷ ನುಂಗಿದ್ದೆಲ್ಲ ದಂಡ! ಟೈಲರ್ ಗೋಡೆಯ ಕ್ಯಾಲೆಂಡರನ್ನು ಜನ್ಮದಲ್ಲಿ ಕ್ಯಾಲೆಂಡರೇ ಕಾಣದವನಂತೆ ನೋಡುತ್ತಿದ್ದ.

ತೇಪೆ ಸರಿಯಾಗಿ ಕೂತಿತು. ಮರುದಿನ ವಾರ್ಡಿನಲ್ಲಿ ಅವಳು ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡಳು.

"ರೀ, ನಾಳೆಯಿಂದ ಬಟ್ಟೆ ಕತ್ತರಿಸೋದು ನಾನು."

ಅಭ್ಯಾಸಬಲ, ಅವನ ಕೈ ಎದೆಗೆ ಹೋಯಿತು.

"ಅದು ಮುಚ್ಚಿದೆ," ಅಂದಳು.

ಕೈ ಕೆಳಗಿಳಿಯಿತು. ನೆಪಗಳೆಲ್ಲ ಖಾಲಿಯಾಗಿದ್ದವು. ಅವನು ಹೊದಿಕೆಯ ಅಂಚು ತಿರುವುತ್ತ ಕೊನೆಗೆ ಬಾಯಿಬಿಟ್ಟ.

"ನಾನಿಲ್ದಾಗ ನೀನೊಂದ್ಸಲ ಕೋಟಿನ ಬಟ್ಟೆ ಕತ್ತರಿಸಿದ್ದೆ. ನನ್ನದಕ್ಕಿಂತ ಚೆನ್ನಾಗಿತ್ತು. ನೀನು ಕತ್ತರಿ ಹಿಡಿದ್ರೆ ಆಮೇಲೆ ನನ್ನನ್ನ ಯಾರು ಕೇಳ್ತಾರೆ?"

ಅವಳು ಮೂಟೆ ಕಟ್ಟಿಕೊಂಡು ತಂದಿದ್ದ ಬೈಗುಳ ಎಲ್ಲಿಗೆ ಹೋಯಿತೋ. ಹಾಗೆಂದು ಹಿಡಿದ ಪಟ್ಟು ಬಿಡುವಷ್ಟು ಪೆದ್ದಿಯೇನಲ್ಲ.

"ನಾನು ಕೇಳ್ತೀನಲ್ಲ ರೀ," ಅಂದಳು. "ಕತ್ತರಿ ಎಲ್ಲಿಟ್ಟಿದೀರಿ, ಹೇಳಿ."